ಬಸಿದ ನೀರು

ನನ್ನ ಯಜಮಾನರನ್ನು ನಾನು ಕಳ್ಳ ಅಂತ ಕರೆದದ್ದು ರಾಮನಗರದ ಒಂದು ಆಸ್ಪತ್ರೆಯ ಡಯಾಲಿಸಿಸ್ ಕೋಣೆಯಲ್ಲಿ. ಐದು ಹಾಸಿಗೆಯ ರೋಗಿಗಳು, ಅವರ ಜೊತೆಗೆ ಬಂದವರು, ಡಾಕ್ಟರು, ಎಲ್ಲರೂ ಇದ್ದರು. ಮನೆಯೊಳಗೆ ಅಂದಿದ್ದರೆ ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ನಾನು ಏನೇನೋ ಅಂದಿದ್ದೇನೆ, ಅವರೂ ಅಂದಿದ್ದಾರೆ, ಸಂಜೆಯ ಹೊತ್ತಿಗೆ ಎರಡೂ ಕಡೆ ಮರೆತುಹೋಗಿರುತ್ತಿತ್ತು.

ಅವರು ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ತೂಕ ಹಾಕುವ ಕೆಲಸದಲ್ಲಿದ್ದವರು. ಸಕ್ಕರೆ ಕಾಯಿಲೆ ಮೊದಲಿಂದ ಇತ್ತು. ಕಾಲು ಊದಿದಾಗ, ದಿನವಿಡೀ ನಿಂತರೆ ಇನ್ನೇನಾಗುತ್ತೆ ಅಂದುಕೊಂಡೆವು. ಮುಖವೂ ಊದಿದ ಮೇಲೆ ಆಸ್ಪತ್ರೆಗೆ ಹೋದೆವು. ರಕ್ತ, ಮೂತ್ರ ಎಲ್ಲ ಪರೀಕ್ಷೆ ಮಾಡಿ ಡಾಕ್ಟರು, ಎರಡು ಕಿಡ್ನಿಯೂ ಹೆಚ್ಚುಕಡಿಮೆ ಕೆಲಸ ನಿಲ್ಲಿಸಿವೆ ಅಂದರು. ಎದೆಯೂ ಬಲಹೀನ, ಬದಲಿ ಕಿಡ್ನಿ ಹಾಕುವ ಆಪರೇಷನ್ ತಡೆಯುವುದಿಲ್ಲ ಅಂದರು. ಉಳಿದದ್ದು ಡಯಾಲಿಸಿಸ್ ಒಂದೇ. ಮಂಗಳವಾರ, ಶುಕ್ರವಾರ ನಮ್ಮೂರು ಕೂಟಗಲ್ಲಿನಿಂದ ಬಸ್ಸು ಹಿಡಿದು ಹೋಗುವುದು, ನಾಲ್ಕು ಗಂಟೆ ಮಿಷನ್ನಿಗೆ ಕೈ ಕೊಟ್ಟು ಮಲಗುವುದು, ಹಿಂಡಿದ ಬಟ್ಟೆಯ ಹಾಗೆ ವಾಪಸ್ ಬರುವುದು.

ಕಿಡ್ನಿ ಬರೀ ಮೂತ್ರ ಮಾಡುವ ಅಂಗ ಅಂತ ನಾನು ತಿಳಿದಿದ್ದೆ. ಅದು ಮೈಯೊಳಗಿನ ಉಪ್ಪು, ನೀರು, ಪೊಟ್ಯಾಷಿಯಂ ಎಲ್ಲವನ್ನೂ ಹದದಲ್ಲಿಡುತ್ತದಂತೆ. ಕಿಡ್ನಿ ಕೆಟ್ಟರೆ ಪೊಟ್ಯಾಷಿಯಂ ರಕ್ತದಲ್ಲೇ ಉಳಿದು, ಏರಿ ಏರಿ, ಒಂದು ದಿನ ಎದೆ ಬಡಿತ ನಿಲ್ಲಿಸುತ್ತದಂತೆ. ಆದ್ದರಿಂದ ಎಳನೀರು ಕೂಡದು, ಬಾಳೆಹಣ್ಣು ಕೂಡದು, ಕುಡಿಯುವ ನೀರೂ ಅಳತೆಯಲ್ಲಿ. ಊಟದ ವಿಷಯ ಹೇಳುವ ಹುಡುಗಿಯೊಬ್ಬಳು ಬೆಂಗಳೂರಿನಿಂದ ಬರುತ್ತಿದ್ದಳು. ಸೊಪ್ಪು, ಕಾಳು ಏನೇ ಆದರೂ ಜಾಸ್ತಿ ನೀರಲ್ಲಿ ಬೇಯಿಸಿ, ಬಸಿದು, ಆಮೇಲೆ ಕೊಡಿ ಅಂದಳು. ನನಗೆ ನಗು ಬಂತು. ಬಸಿಯುವುದನ್ನು ನಮ್ಮ ಸೀಮೆಯ ಹೆಂಗಸರಿಗೆ ಇವಳು ಹೇಳಿಕೊಡಬೇಕಾ! ನಮ್ಮ ಮನೆಯಲ್ಲಿ ವಾರಕ್ಕೆ ನಾಲ್ಕು ದಿನ ಬಸ್ಸಾರೇ. ಸದ್ಯ, ಅಡುಗೆಯಲ್ಲಿ ಏನೂ ಬದಲಾಯಿಸಬೇಕಾಗಿಲ್ಲ ಅಂತ ಸಮಾಧಾನವಾಯಿತು.

ಆದರೆ ಪ್ರತಿ ಸಲ ರಿಪೋರ್ಟು ಬಂದಾಗಲೂ ಡಾಕ್ಟರ ಹುಬ್ಬು ಗಂಟಾಗುತ್ತಿತ್ತು. "ಪೊಟ್ಯಾಷಿಯಂ ಮತ್ತೆ ಮೇಲಿದೆ. ಎಳನೀರು ಕುಡಿದ್ರಾ? ಹಣ್ಣು ತಿಂದ್ರಾ?" ಇಲ್ಲ ಅಂತ ಇವರು. ಇಲ್ಲ ಸಾರ್ ಅಂತ ನಾನು. "ಸೊಪ್ಪು, ಕಾಳು ಬಸಿದು ಕೊಡ್ತಿದ್ದೀರಾ?" "ಬಸ್ದೇ ಕೊಡೋದು ಸಾರ್." "ಹಾಗಾದ್ರೆ ಎಲ್ಲಿಂದ ಬರುತ್ತೆ ಇದು?" ಅಂತ ಅವರು ನನ್ನನ್ನೇ ನೋಡುತ್ತಿದ್ದರು. ಆ ನೋಟ ನನಗೆ ತಡೆಯಲಾಗುತ್ತಿರಲಿಲ್ಲ. ಇಷ್ಟು ಕಟ್ಟುನಿಟ್ಟಾಗಿ ನೋಡಿಕೊಳ್ಳುವವಳನ್ನು ಹೀಗೆ ನೋಡಿದರೆ ಮೈ ಉರಿಯುವುದಿಲ್ಲವೇ?

ನಾನು ಮಾಡಿದ್ದು ಸರಿ ಅಂದಮೇಲೆ ತಪ್ಪು ಇವರದೇ ಇರಬೇಕು ಅಂತ ತೀರ್ಮಾನಿಸಿದೆ. ಅಂಗಿಯ ಜೇಬು ತಡಕಿದೆ. ಟೀ ಅಂಗಡಿಯಿಂದ ಬಂದ ಕೂಡಲೇ ಬಾಯಿ ಮೂಸಿದೆ. ಅಂಗಡಿಯವನಿಗೆ, ಇವರಿಗೆ ಬಾಳೆಹಣ್ಣು ಕೊಟ್ಟರೆ ನಿನ್ನ ಗತಿ ನೆಟ್ಟಗಿರಲ್ಲ ಅಂತ ಬೆದರಿಸಿ ಬಂದೆ. ಒಂದು ದಿನ ಹಿತ್ತಲಲ್ಲಿ ಬಾಳೆಹಣ್ಣಿನ ಸಿಪ್ಪೆ ಸಿಕ್ಕಿತು. ಮೇಕೆ ಕಟ್ಟುವ ಜಾಗ, ಯಾರು ಬೇಕಾದರೂ ಎಸೆದಿರಬಹುದು. ನಾನು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಂಡು ಶುಕ್ರವಾರ ಆಸ್ಪತ್ರೆಗೆ ಹೋದೆ.

ಡಾಕ್ಟರು ಮತ್ತೆ ಅದೇ ಪ್ರಶ್ನೆ ಕೇಳಿದಾಗ ಆ ಸಿಪ್ಪೆಯನ್ನು ಹಾಸಿಗೆಯ ಮೇಲೆ ಹಾಕಿದೆ. "ನೋಡಿ ಸಾರ್, ಕದ್ದು ತಿಂತಾರೆ ಇವ್ರು. ಕಳ್ಳ. ನಾನಿಲ್ಲಿ ಬಸ್ಸಲ್ಲಿ ತಿರುಗಿ ಸಾಯ್ತಿವ್ನಿ, ಇವ್ರಿಗೆ ನಾಲಿಗೆ ಚಪಲ." ಅಂಗೈಯಷ್ಟು ಕೋಣೆ, ಎಲ್ಲರೂ ಕೇಳಿಸಿಕೊಂಡರು. ಯಾರೋ ಒಬ್ಬರು ನಕ್ಕರು. ಇವರ ಒಂದು ಕೈಗೆ ಸೂಜಿ ಚುಚ್ಚಿದ್ದರು, ಆ ಕೈ ಅಲ್ಲಾಡಿಸುವ ಹಾಗಿರಲಿಲ್ಲ. ಇನ್ನೊಂದು ಕೈಯಿಂದ ಸಿಪ್ಪೆಯನ್ನು ಕೆಳಕ್ಕೆ ತಳ್ಳಿ, "ನಾನು ತಿಂದಿಲ್ಲ ಕಣಮ್ಮಿ," ಅಂದರು. ಗೂಡಿನ ತಕ್ಕಡಿಯ ಮುಂದೆ ಅಷ್ಟು ವರ್ಷ ನಿಂತು ಒಂದು ಹಿಡಿ ಗೂಡು ಮನೆಗೆ ತಾರದ ಮನುಷ್ಯ. ನಾನು ನಂಬಲಿಲ್ಲ.

ಮುಂದಿನ ಮಂಗಳವಾರ ಬೆಳಿಗ್ಗೆ ಅವರ ಕಾಲು ನಿಲ್ಲಲಿಲ್ಲ. ಬಸ್ಸಿಗೆ ಕಾಯದೆ ಆಟೋದಲ್ಲಿ ಹಾಕಿಕೊಂಡು ಹೋದೆವು. ಎದೆ ತೀರಾ ನಿಧಾನವಾಗಿ ಬಡಿಯುತ್ತಿತ್ತು. ಸರಸರ ಇಂಜೆಕ್ಷನ್ ಕೊಟ್ಟು ಮಿಷನ್ನಿಗೆ ಹಾಕಿದರು. ನಾನು ಬಾಗಿಲ ಹೊರಗೆ ನೆಲದ ಮೇಲೆ ಕೂತುಬಿಟ್ಟೆ. ಸ್ವಲ್ಪ ಹೊತ್ತಿಗೆ ಮಾಗಡಿ ಕಡೆಯ ಗಂಡು ನರ್ಸು ಪೆನ್ನು, ಕಾಗದ ಹಿಡಿದು ಬಂದು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ.

"ನೆನ್ನೆ ಏನಮ್ಮ ಉಂಡಿದ್ದು?"

"ಮುದ್ದೆ, ಹುರುಳಿಕಾಳಿನ ಬಸ್ಸಾರು. ಕಾಳು ಚೆನ್ನಾಗಿ ಬಸ್ದು ಪಲ್ಯ ಒಸಿ ಕೊಟ್ಟೆ, ಎರಡೇ ಚಮಚ."

"ಸಾರು?"

"ಒಂದೇ ಲೋಟ, ಅಳ್ದು."

"ಯಾತ್ರಲ್ಲಿ ಮಾಡಿದ್ರಿ ಸಾರ್ನ?"

"ಬಸ್ದಿದ್ ನೀರಲ್ಲಿ. ಇನ್ಯಾತ್ರಲ್ಲಿ ಮಾಡ್ತಾರಪ್ಪ ಬಸ್ಸಾರ?"

ಅವನು ಬರೆಯುವುದನ್ನು ನಿಲ್ಲಿಸಿದ. "ಅಯ್ಯೋ ಅಮ್ಮ," ಅಂದ. "ಪೊಟ್ಯಾಷಿಯಂ ಎಲ್ಲ ಇರೋದೇ ಆ ನೀರಲ್ಲಿ. ಅದ್ನ ಚೆಲ್ಲಲಿ ಅಂತಾನೇ ಬಸಿಯೋಕೆ ಹೇಳೋದು."

ಚೆಲ್ಲುವುದು! ನಾನು ಅಂಗನವಾಡಿಯಲ್ಲಿ ಕೆಲಸ ಮಾಡಿದವಳು. ಇಪ್ಪತ್ತು ವರ್ಷ ಬಸುರಿ ಬಾಣಂತಿಯರನ್ನು ಕೂರಿಸಿಕೊಂಡು, ಬೇಯಿಸಿದ ನೀರು ಚೆಲ್ಲಬೇಡಿ ಕಣ್ರವ್ವ, ಸತ್ವವೆಲ್ಲ ಅದರಲ್ಲೇ ಇರೋದು ಅಂತ ಪಾಠ ಮಾಡಿದವಳು. ಆ ಸತ್ವವನ್ನೇ ಲೋಟದಲ್ಲಿ ಅಳೆದು, ತಿಂಗಳುಗಟ್ಟಲೆ, ಇನ್ನೊಂಚೂರು ಕಲಸಿಕೊಳ್ಳಿ ಅಂತ ಒತ್ತಾಯ ಮಾಡಿ ಉಣ್ಣಿಸಿದ್ದೆ. ನಮ್ಮ ಸೀಮೆಯ ಅಡುಗೆ ಗೊತ್ತಿಲ್ಲದ ಆ ಹುಡುಗಿಯ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ.

ಅವರು ಅವತ್ತು ಉಳಿದುಕೊಂಡರು. ಇರಿಸಿಕೊಳ್ಳುತ್ತೇವೆ ಅಂದರೂ ಕೇಳದೆ ಮರುದಿನ ಮನೆಗೆ ಬಂದರು. ಮಂಚದ ಪಕ್ಕ ಕೂತು ಎಲ್ಲ ಹೇಳಿದೆ. ಅತ್ತುಬಿಟ್ಟೆ. ಬಯ್ಯುತ್ತಾರೆ, ಬಯ್ಯಲಿ ಅಂತ ಕಾದೆ. ಅವರು ನನ್ನ ಕಡೆಗೆ ಹೊರಳಿದರು.

"ಹಂಗಾರೆ ನಾನು ಬಾಳೆಹಣ್ಣು ತಿಂದಿಲ್ಲ ಅಂತ ಆಯ್ತಲ್ಲ?"

"ಆಯ್ತು."

"ನೀನೇ ಒಪ್ಕೊಂಡೆ?"

"ಒಪ್ಕೊಂಡೆ ಕಣ್ರೀ. ನನ್ನ ಬಾಯಿಗೆ ಮಣ್ಣು ಹಾಕ."

"ಶುಕ್ರವಾರ ಅಲ್ಲೋಗಿ ಹೇಳು. ಅವತ್ತು ಇದ್ದೋರೆಲ್ಲ ಬತ್ತಾರೆ. ಅವ್ರ ಮುಂದೆ ಹೇಳು."

ಸಾವಿನ ಬಾಯಿಂದ ಬಂದ ಮನುಷ್ಯನಿಗೆ ಬೇಕಾಗಿದ್ದು ಅಷ್ಟೇ. "ಹೇಳ್ತೀನಿ ಬಿಡಿ, ಮೊದ್ಲು ಮಲಗಿ," ಅಂದೆ, ಸ್ವಲ್ಪ ಗದರಿಸಿಯೇ.

ಗುರುವಾರ ಬೆಳಿಗ್ಗೆ ಎಬ್ಬಿಸಲು ಹೋದಾಗ ಅವರು ಏಳಲಿಲ್ಲ. ಮುಟ್ಟಿದೆ, ಮೈ ತಣ್ಣಗಾಗಿತ್ತು. ಎದೆ ಮೊದಲೇ ಸೋತಿತ್ತು, ಇಷ್ಟು ಪೆಟ್ಟು ತಿಂದದ್ದು ಜಾಸ್ತಿಯಾಯಿತು ಅಂತ ಡಾಕ್ಟರು ಆಮೇಲೆ ಹೇಳಿದರು.

ಹನ್ನೊಂದನೇ ದಿನದ ತಿಥಿ ಮುಗಿದ ಮೇಲೆ ಬಂದ ಮೊದಲ ಶುಕ್ರವಾರ ಬಸ್ಸು ಹತ್ತಿದೆ. ಗಂಡ ಸತ್ತವಳು ಇಷ್ಟು ಬೇಗ ಹೊರಟಳಲ್ಲ ಅಂದರು ಓರಗಿತ್ತಿ. ಅಂದುಕೊಳ್ಳಲಿ. ಅವರ ಹಾಸಿಗೆಯಲ್ಲಿ ಬೇರೆ ಯಾರೋ ಇದ್ದರು. ಉಳಿದ ನಾಲ್ವರು ಅವತ್ತಿನವರೇ. ಕೋಣೆಯ ನಡುವೆ ನಿಂತು ಹೇಳಿದೆ. ನಮ್ಮ ಯಜಮಾನರು ಏನೂ ಕದ್ದು ತಿಂದಿರಲಿಲ್ಲ, ಬಸಿದ ನೀರಲ್ಲಿ ಸಾರು ಮಾಡಿ ಉಣ್ಣಿಸಿದ್ದು ನಾನು, ಕಳ್ಳ ಅಂದ ನಾಲಿಗೆ ನನ್ನದು. ಪೂರ್ತಿ ಹೇಳಿದೆ.

ಕೊನೆಯ ಹಾಸಿಗೆಯ ರೋಗಿ ಕನಕಪುರದ ಕಡೆಯ ಕಲ್ಲುಕ್ವಾರಿಯವನು. ಅವನ ಹೆಂಡತಿ ಊಟದ ಕ್ಯಾರಿಯರ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಒಮ್ಮೆ ಗಂಡನನ್ನು ನೋಡಿದಳು, ಒಮ್ಮೆ ನನ್ನನ್ನು.

"ಅಕ್ಕ, ಚೆಲ್ಬೇಕಾ ಅದ್ನ?"

"ಚೆಲ್ಬೇಕು ಕಣವ್ವ."

"ಇವತ್ತೂ ಬಸ್ಸಾರೇ ತಂದಿವ್ನಿ ಕಣಕ್ಕ."

ಇಬ್ಬರೂ ಹೊರಗಿನ ನಲ್ಲಿಯ ಹತ್ತಿರ ಹೋದೆವು. ಅವಳು ಡಬ್ಬದ ಮುಚ್ಚಳ ತೆಗೆದು ಹಿಡಿದುಕೊಂಡೇ ನಿಂತಳು, ಬಗ್ಗಿಸಲು ಕೈ ಬರಲಿಲ್ಲ. ನಾನು ಇಸಿದುಕೊಂಡು ಚರಂಡಿಗೆ ಸುರಿದೆ. ಸಾರು ಇನ್ನೂ ಬಿಸಿಯಾಗಿತ್ತು.