ಅಫ್ರೀನಳ ಒಂದು ವಾಕ್ಯ, ನನ್ನ ಐದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಆ ಹುಡುಗಿ ಆಡದ ಮಾತನ್ನು ಅವಳ ದನಿಯಲ್ಲಿ ಆಡಿದವನು ನಾನು. ಯಾರೂ ಹೇಳಿಕೊಟ್ಟಿದ್ದಲ್ಲ, ಬಲವಂತ ಮಾಡಿದ್ದಲ್ಲ. ಮಿಮಿಕ್ರಿ ಮಾಡುವವರ ನಾಲಿಗೆಗೆ ಬ್ರೇಕ್ ಕಡಿಮೆ. ನನ್ನದಕ್ಕೆ ಕ್ಲಚ್ಚೂ ಇರಲಿಲ್ಲ.

ಮೂರು ವರ್ಷದ ಹಿಂದೆ ನಾನು ಶಿಡ್ಲಘಟ್ಟದ ಒಂದು ಸಂಜೆ ಶಾಲೆಯಲ್ಲಿ ದುಭಾಷಿಯಾಗಿ ಸೇರಿದೆ. ರೇಷ್ಮೆ ನೂಲು ಬಿಚ್ಚುವ ಶೆಡ್ಡುಗಳಲ್ಲಿ ದುಡಿಯುವವರ ಮಕ್ಕಳು, ಒಟ್ಟು ನಲವತ್ತೆರಡು ಮಂದಿ, ಅಲ್ಲಿಗೆ ಬರುತ್ತಿದ್ದರು. ಅವರಿಗೆ ಇಂಗ್ಲಿಷ್ ಕಲಿಸಲು ಹೊರದೇಶಗಳಿಂದ ಸ್ವಯಂಸೇವಕರು ಬರುತ್ತಿದ್ದರು. ಪಕ್ಕದ ಮೇಲೂರಿನವನಾದ ನನಗೆ ಈ ಕೆಲಸ ಸಿಕ್ಕಿದ್ದು ಇಂಗ್ಲಿಷಿನಿಂದಲ್ಲ. ಸಂದರ್ಶನದಲ್ಲಿ ನಮ್ಮ ಹೆಡ್‌ಮಾಸ್ಟರನ್ನು, ಚಿಕ್ಕಬಳ್ಳಾಪುರದ ಬಸ್ಸಿನ ಕಂಡಕ್ಟರನ್ನು, ಕೊನೆಗೆ ಎದುರಿಗೆ ಕೂತು ಪ್ರಶ್ನೆ ಕೇಳುತ್ತಿದ್ದ ಶಾಲೆಯ ಮುಖ್ಯಸ್ಥೆ ಪ್ರಭಾ ಮೇಡಂ ಅವರನ್ನೇ ಅನುಕರಿಸಿ ತೋರಿಸಿದ್ದರಿಂದ.

ದುಭಾಷಿಗೆ ಒಂದು ನಿಯಮವಿದೆ. ‘ಅವಳು ಹೀಗೆ ಹೇಳುತ್ತಾಳೆ’ ಎನ್ನಬಾರದು. ಮಾತಾಡಿದವರೇ ತಾನಾಗಿ, ‘ನಾನು’ ಎಂದೇ ಅನುವಾದಿಸಬೇಕು. ಇಂಥ ನಿಯಮವನ್ನು ನನ್ನಂಥವನ ಕೈಗೆ ಕೊಡಬಾರದಿತ್ತು.

ಆ ಜುಲೈನಲ್ಲಿ ಡೆನ್ಮಾರ್ಕಿನಿಂದ ಹಾನಾ ಬಂದಳು. ಇಪ್ಪತ್ಮೂರು ವರ್ಷ, ಆರು ವಾರದ ಅವಧಿ. ನಮ್ಮ ಖಾರಕ್ಕೆ ಕಣ್ಣೀರು ಸುರಿಸುತ್ತಲೇ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದಳು. ಪಾಠವನ್ನಂತೂ ಚೆನ್ನಾಗಿಯೇ ಹೇಳುತ್ತಿದ್ದಳು. ಐದನೇ ವಾರ, ತನ್ನೂರಿನವರಿಗೆ ಕಳಿಸಲೆಂದು ಫೋನಿನಲ್ಲಿ ಮಕ್ಕಳ ವಿಡಿಯೊ ಮಾಡತೊಡಗಿದಳು. ಇಂಗ್ಲಿಷಿನಲ್ಲಿ ತಡವರಿಸಬೇಡಿ, ಕನ್ನಡದಲ್ಲೇ ಹೇಳಿ, ಉಳಿದದ್ದು ನನಗೆ ಬಿಡಿ ಎಂದು ಮಕ್ಕಳಿಗೆ ನಾನೇ ಹೇಳಿದ್ದೆ. ಆರನೇ ತರಗತಿಯ ಅಫ್ರೀನಳ ಸರದಿ ಬಂತು. ನಿನಗೇನು ಬೇಕು ಎಂಬುದು ಪ್ರಶ್ನೆ.

“ಭಾನುವಾರ ಹಾನಾ ಅಕ್ಕ ನಮ್ಮನೆಗೆ ಊಟಕ್ಕೆ ಬರ್ಲಿ” ಎಂದವಳೇ ಆಟಕ್ಕೆ ಓಡಿದಳು.

ನನಗದು ಸಪ್ಪೆ ಅನಿಸಿತು. ಅಷ್ಟು ದೂರದಿಂದ ಬಂದವಳಿಗೆ ಬರೀ ಮುದ್ದೆ ಇಟ್ಟು, ಸಾರು ಹಾಕದೆ ಎಬ್ಬಿಸಿದ ಹಾಗೆ. ಸ್ವಲ್ಪ ಒಗ್ಗರಣೆ ಹಾಕಿದೆ. ದನಿ ಸಣ್ಣದು ಮಾಡಿ, ನಡುವೆ ಒಮ್ಮೆ ಉಗುಳು ನುಂಗಿ, ಫೋನಿಗೆ ಇಂಗ್ಲಿಷಿನಲ್ಲಿ ಐದು ವಾಕ್ಯ ಹೇಳಿದೆ: ನಾನು ಓದಬೇಕು. ನನ್ನ ಅಮ್ಮನ ಬೆರಳು ಬಿಸಿನೀರಿನಲ್ಲಿ ಬೆಂದಿವೆ. ಮುಂದಿನ ವರ್ಷ ನನ್ನನ್ನೂ ಆ ನೀರಿನ ಮುಂದೆ ಕೂರಿಸುತ್ತಾರೆ. ಇಲ್ಲಿಂದ ಕರೆದುಕೊಂಡು ಹೋಗಿ. ಆಗದಿದ್ದರೆ ಮರೆಯಬೇಡಿ. ಹಾನಾ ಅತ್ತಳು, ಈ ಸಲ ಖಾರಕ್ಕಲ್ಲ.

ಐದರಲ್ಲಿ ಬೆರಳಿನ ಮಾತು ಮಾತ್ರ ನಿಜ. ಅಫ್ರೀನಳ ತಾಯಿ ಶಾಹಿದಾ ಹದಿನಾಲ್ಕು ವರ್ಷದಿಂದ ಕುದಿನೀರಿನಲ್ಲಿನ ರೇಷ್ಮೆಗೂಡುಗಳಿಂದ ಎಳೆ ತೆಗೆಯುತ್ತಿದ್ದವರು. ಹಬೆ ಹೋಗಲು ಇನ್ನೊಂದು ಕಿಟಕಿ ಇಡಿಸಿ ಎಂದು ಆ ಶೆಡ್ಡಿನ ಹೆಂಗಸರು ವರ್ಷಗಳಿಂದ ಕೇಳುತ್ತಿದ್ದರು; ಕಿಟಕಿ ಬಂದಿರಲಿಲ್ಲ. ನನ್ನ ಐದು ವಾಕ್ಯಕ್ಕೆ ನಾಲ್ಕೇ ದಿನದಲ್ಲಿ ಉತ್ತರ ಬಂತು. ಹಾನಾಳ ಊರಿನವರು ಸೇರಿ ಅಫ್ರೀನಳಿಗೆ ಬೆಂಗಳೂರಿನ ವಸತಿ ಶಾಲೆಯಲ್ಲಿ ಸೀಟು ಹಿಡಿದಿದ್ದರು. ಹನ್ನೆರಡನೇ ತರಗತಿಯವರೆಗೆ ಖರ್ಚೆಲ್ಲ ಅವರದು. ಬೇಸಿಗೆ ರಜೆಗಷ್ಟೇ ಮನೆ. ಸೋಮವಾರ ತಾಯಿಯ ರುಜು ಬೀಳಬೇಕಿತ್ತು.

ನಿಜ ಹೇಳಿದರೆ ನನ್ನ ಕೆಲಸ ಹೋಗುತ್ತದೆ. ಹೇಳದಿದ್ದರೆ ಹುಡುಗಿ ಹೋಗುತ್ತಾಳೆ. ಎರಡು ಸಲ ಮೇಡಂ ಕೋಣೆಯ ಬಾಗಿಲವರೆಗೆ ಹೋದೆ. ಅವರು ಸಿಹಿ ಹಂಚುವ ಸಂಭ್ರಮದಲ್ಲಿದ್ದರು. ಎರಡು ಸಲವೂ ಸೀಮೆಸುಣ್ಣ ಕೇಳಿಕೊಂಡು ವಾಪಸು ಬಂದೆ. ಶನಿವಾರ ಅಫ್ರೀನಳೇ ನನ್ನನ್ನು ಮೆಟ್ಟಿಲ ಬಳಿ ಹಿಡಿದಳು.

“ಅಣ್ಣಾ, ನಾನೇನು ತಪ್ಪು ಮಾಡ್ದೆ? ಯಾಕೆ ಕಳಿಸ್ತಾರೆ ನನ್ನ?”

ನನ್ನ ಹತ್ತಿರ ಹೆಡ್‌ಮಾಸ್ಟರ ದನಿಯಿತ್ತು, ಕಂಡಕ್ಟರ ದನಿಯಿತ್ತು. ಒಂದೂ ಒದಗಲಿಲ್ಲ. ಜೇಬಿನಲ್ಲಿದ್ದ ಸೀಮೆಸುಣ್ಣ ಅವಳ ಕೈಗಿಟ್ಟು ಬಂದೆ.

ಸೋಮವಾರ ಶಾಹಿದಾ ಶೆಡ್ಡಿನಿಂದ ನೇರವಾಗಿ ಮೇಡಂ ಕೋಣೆಗೆ ಬಂದರು; ಅಫ್ರೀನ್, ಹಾನಾ, ನಾನು ಆಗಲೇ ಅಲ್ಲಿದ್ದೆವು. ನಿಮ್ಮ ಮಗಳೇ ಕೇಳಿಕೊಂಡಿದ್ದಾಳೆ ನೋಡಿ ಎಂದು ಮೇಡಂ ವಿಡಿಯೊ ಹಾಕಿದರು. ಮೊದಲು ಅಫ್ರೀನಳ ಕನ್ನಡ, ಆಮೇಲೆ ಹಾನಾ ಜೋಡಿಸಿದ್ದ ಅವಳ ಮುಖದ ಚಿತ್ರದ ಮೇಲೆ ನನ್ನ ಇಂಗ್ಲಿಷ್. ಶಾಹಿದಾಗೆ ಇಂಗ್ಲಿಷ್ ಬಾರದು. ಇನ್ನೊಂದು ಸಲ ಹಾಕಿ ಎಂದು ಕೇಳಿ, ಪೂರ್ತಿ ನೋಡಿ, ನನ್ನ ಕಡೆ ತಿರುಗಿದರು.

“ಇವ್ಳು ಊಟಕ್ಕೆ ಕರ್ದವ್ಳೆ. ಒಂದೇ ಮಾತು. ನೀನು ಅಷ್ಟುದ್ದ ಏನಪ್ಪ ಹೇಳಿದ್ದು?”

ಏನಂತಾರೆ ಎಂದು ಹಾನಾ ನನ್ನತ್ತ ನೋಡಿದಳು. ನಿಯಮ ನಿಯಮವೇ. ನಾನು ಶಾಹಿದಾ ಆಗಿ ಇಂಗ್ಲಿಷಿನಲ್ಲಿ ನನ್ನನ್ನೇ ಪ್ರಶ್ನಿಸಿದೆ. ಮತ್ತೆ ನಾನಾಗಿ ಐದೂ ವಾಕ್ಯವನ್ನು ಕನ್ನಡದಲ್ಲಿ ಒಪ್ಪಿಸಿದೆ. ಅವು ನನ್ನವೇ ಎಂದು ಇಂಗ್ಲಿಷಿನಲ್ಲೂ ಹೇಳಿದೆ. ತಪ್ಪೊಪ್ಪಿಗೆಯನ್ನು ಎರಡು ಭಾಷೆಯಲ್ಲಿ ಮಾಡುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ.

ಶಾಹಿದಾ ದನಿ ಏರಿಸಲಿಲ್ಲ. “ಅವ್ಳು ಆ ನೀರಿನ ಮುಂದೆ ಕೂರ್ಬಾರ್ದು ಅಂತಾನೇ ಕಣಪ್ಪ ನಾನು ಕೂತಿರೋದು” ಎಂದರು. ಅದನ್ನೂ ‘ನಾನು’ ಎಂದೇ ಅನುವಾದಿಸಿದೆ. ಅವರ ದನಿ ಅನುಕರಿಸಲು ಹೋಗಲಿಲ್ಲ, ಹೋಗಿದ್ದರೂ ಬರುತ್ತಿರಲಿಲ್ಲ.

ಮೇಡಂ ರುಜು ಬೀಳದ ಕಾಗದವನ್ನು ಮಡಚಿಟ್ಟರು. ನನ್ನ ಕೆಲಸ ಉಳಿಯಿತು, ಆರು ತಿಂಗಳು ಹಾಜರಿ ಕೂಗುವವನಾಗಿ. ಈಗ ಮತ್ತೆ ದುಭಾಷಿ. ಸಪ್ಪೆ ಮಾತನ್ನು ಸಪ್ಪೆಯಾಗಿಯೇ ದಾಟಿಸುತ್ತೇನೆ. ನಾನು ಹಾಕಿದ ಒಗ್ಗರಣೆಯನ್ನು ಉಣ್ಣಬೇಕಾದದ್ದು ನಾನಲ್ಲ ಎಂಬುದು ಅಂದೇ ಗೊತ್ತಾಗಿತ್ತು. ಆದರೆ ಅಂದು ಆ ಕೋಣೆಯಲ್ಲಿ ಪಾಠ ಕಲಿತು ಎರಡು ನಿಮಿಷವೂ ಆಗಿರಲಿಲ್ಲ, ಹಾನಾ ಅಫ್ರೀನಳ ಮುಂದೆ ಮಂಡಿಯೂರಿ, ನಿನಗೇನು ಬೇಕು ಎಂದು ನಿಧಾನವಾಗಿ ಇಂಗ್ಲಿಷಿನಲ್ಲಿ ಮತ್ತೆ ಕೇಳಿದಳು. ಅಭ್ಯಾಸಬಲ, ನಾನು ಬಾಯಿ ತೆರೆದೆ.

ಅಫ್ರೀನ್ ಕೈ ಅಡ್ಡ ಹಿಡಿದಳು. “ನೀವು ಸುಮ್ನಿರಿ ಅಣ್ಣಾ. ಊಟಕ್ಕೆ ಕರೆಯೋಷ್ಟು ಇಂಗ್ಲಿಷ್ ನಂಗೇ ಬರುತ್ತೆ.”