ತೂಬಿನ ಸಾಹೇಬನ ಮುಂದೆ ನೂರಾ ಹದಿನೆಂಟು ಸಾವು

ಜೂನ್ 29, ಭಾನುವಾರ. ಬೆಳಿಗ್ಗೆ 10 ಗಂಟೆ 20 ನಿಮಿಷ. ಸಿಂಧನೂರಿನಲ್ಲಿ ಮಸ್ಕಿ ರಸ್ತೆಯ ಪಂಕ್ಚರ್ ಅಂಗಡಿಯ ಬೆಂಚಿನ ಮೇಲೆ ಕೂತು ಇದನ್ನು ಶುರು ಮಾಡುತ್ತಿದ್ದೇನೆ. ಲಿಂಗಸುಗೂರಿಗೆ, ಸೋದರತ್ತೆಯ ಮನೆಗೆ ಬೈಕಿನಲ್ಲಿ ಹೊರಟವನು ಊರು ಬಿಡುವ ಮೊದಲೇ ನಿಂತಿದ್ದೇನೆ.

"ಒಂದಲ್ರೀ ಸರ್, ಎರಡು ತೂತು ಅದಾವ. ಮೊಳಿ ಒಳಗ ಓಡ್ಯಾಡೈತಿ," ಎಂದ ಅಂಗಡಿಯವ.

"ಎಷ್ಟೊತ್ತು ಆಗ್ತೈತಿ?"

"ಅರ್ಧ ತಾಸು. ಆ ಚೈನ್ ಒಂದೀಟು ಹಿಡೀರಿ, ಆಮ್ಯಾಲ ಆರಾಮ ಕುಂಡ್ರಿ."

ಹಿಡಿದೆ. ಕೈ ಎರಡೂ ಕಪ್ಪಾದವು. ಈ ಪುಟದ ಮೂಲೆಯಲ್ಲಿ ಆಗಲೇ ಒಂದು ಹೆಬ್ಬೆಟ್ಟು ಮೂಡಿದೆ. ಅಷ್ಟರಲ್ಲಿ ಅವನು ಸಲ್ಯೂಶನ್ ಟ್ಯೂಬಿನ ಮುಚ್ಚಳ ತೆಗೆದ. ರಬ್ಬರಿಗೆ ತೇಪೆ ಹಚ್ಚುವ ಆ ಅಂಟಿನ ವಾಸನೆ ನಿಮಗೆ ಗೊತ್ತಿರಬೇಕು. ಚೂಪಾಗಿ ಮೂಗಿಗೆ ಏರಿ, ಸ್ವಲ್ಪ ಹೊತ್ತಿಗೆ ಸಿಹಿಯಾಗುತ್ತದೆ. ಅದು ಮೂಗಿಗೆ ಬಡಿದದ್ದೇ ತಡ, ನಾನು ಮಸ್ಕಿಯಲ್ಲಿದ್ದೆ, ನಬಿಸಾಬರ ಫೋಟೋ ಸ್ಟುಡಿಯೋದಲ್ಲಿ.

ನನ್ನ ಡೈರಿಯ ಅಭ್ಯಾಸ ನಿಮಗೆ ಮೊದಲೇ ಹೇಳಿಬಿಡುತ್ತೇನೆ. ಯಾವುದನ್ನೂ ಎಣಿಸದೆ ಬಿಡುವವನಲ್ಲ ನಾನು. ಕಾಲೇಜಿನ ಮೂರು ವರ್ಷ ಮಸ್ಕಿಯಲ್ಲಿ, ಇದೇ ಅತ್ತೆಯ ಮನೆಯಲ್ಲಿದ್ದೆ. ಆಮೇಲೆ ನಾನು ಸಿಂಧನೂರಿಗೆ ಬಂದೆ, ಅತ್ತೆ ಲಿಂಗಸುಗೂರಿಗೆ ಮನೆ ಬದಲಿಸಿದಳು. ಅಲ್ಲಿಂದೀಚೆಗೆ ಅವಳನ್ನು ನೋಡಲು ಹದಿನಾಲ್ಕು ಸಲ ಹೋಗಿದ್ದೇನೆ. ಹೋಗುವಾಗ ಬರುವಾಗ ಮಸ್ಕಿ ದಾಟಲೇಬೇಕು. ಹಾಗೆ ದಾಟಿದ್ದು ಇಪ್ಪತ್ತೆಂಟು ಸಲ, ನಿಂತದ್ದು ಒಮ್ಮೆಯೂ ಇಲ್ಲ.

ನಬಿಸಾಬರ ಸ್ಟುಡಿಯೋ ಅತ್ತೆಯ ಮನೆಯ ಪಕ್ಕದಲ್ಲಿತ್ತು. ಮುಂದಿನ ಕೋಣೆಯಲ್ಲಿ ಕ್ಯಾಮೆರಾ, ಹಿಂದಿನದರಲ್ಲಿ ಅವರ ಹೆಂಡತಿಯ ಹೊಲಿಗೆ ಮಷಿನ್, ನಡುವೆ ಬಟ್ಟೆಯ ಪರದೆ. ನಾನು ಅವರನ್ನು ಭಾಭಿ ಎನ್ನುತ್ತಿದ್ದೆ. ಮದುವೆಯ ವಿಡಿಯೋ ಕತ್ತರಿಸಿ ಜೋಡಿಸಲು ಜೋರಾದ ಕಂಪ್ಯೂಟರ್ ಬೇಕು, ಅಂಥ ಕಂಪ್ಯೂಟರಿನಲ್ಲಿ ದೊಡ್ಡ ಆಟಗಳೂ ಓಡುತ್ತವೆ. ಆಷಾಢದಲ್ಲಿ ಮದುವೆ ಕಡಿಮೆ. ಆಗ ನಬಿಸಾಬರು ಮದುಮಕ್ಕಳನ್ನು ಬದಿಗಿಟ್ಟು ಕತ್ತಿ ಹಿಡಿಯುತ್ತಿದ್ದರು.

ಆಟವೆಂದರೆ ಇಷ್ಟು: ಕಂಪ್ಯೂಟರಿನ ಪರದೆಯ ಮೇಲೆ ಒಬ್ಬ ಕತ್ತಿಯವನು. ಅವನನ್ನು ನಾವು ನಡೆಸಬೇಕು, ಹೊಡೆದಾಡಿಸಬೇಕು. ಗೆದ್ದಂತೆಲ್ಲ ಅವನ ಬಲ ಏರುತ್ತದೆ, ಸತ್ತರೆ ಹಿಂದಿನಿಂದ ಮತ್ತೆ ನಡೆದು ಬರಬೇಕು. ಅರ್ಧ ದಾರಿಯಲ್ಲಿ ನೀರಿನ ದೊಡ್ಡ ಗೇಟೊಂದಿತ್ತು. ಅದರ ಮುಂದೆ ಸರಪಳಿ ಬೀಸುತ್ತ ನಿಂತ ದೈತ್ಯನಿಗೆ ಆಟದಲ್ಲಿ ಏನೋ ಉದ್ದನೆಯ ಹೆಸರಿತ್ತು. ಕಾಲುವೆಯ ತೂಬು ಕಾಯುವ ಅಧಿಕಾರಿಯಂತೆ ಕಂಡನೆಂದು ನಬಿಸಾಬರು ಅವನಿಗೆ ತೂಬಿನ ಸಾಹೇಬ ಎಂದು ಹೆಸರಿಟ್ಟರು. "ಕೆಳಗಿನ ಹೊಲಕ್ಕ ನೀರು ಬಿಡಂದ್ರ ಬಿಡಾಂಗಿಲ್ಲ ನೋಡು, ಅದ ಜಾತಿ ಇವ," ಎನ್ನುತ್ತಿದ್ದರು.

ಅವರ ಎಡಗೈ ಪೂರ್ತಿ ಅವರದಾಗಿರಲಿಲ್ಲ. ಬಳಗಾನೂರಿನ ಮದುವೆಯೊಂದನ್ನು ಮುಗಿಸಿ ಬರುವಾಗ ಬೈಕು ಬಿದ್ದು ಭುಜದ ನರಕ್ಕೆ ಪೆಟ್ಟಾಗಿತ್ತು. "ಕ್ಯಾಮೆರಾ ಅಪ್ಪಿಕೊಂಡು ಬಿದ್ದೆ. ಕ್ಯಾಮೆರಾಕ್ಕ ಒಂದು ಗೀರು ಸೈತ ಬಿದ್ದಿಲ್ಲ," ಎಂದು ಬಂದವರಿಗೆಲ್ಲ ಹೇಳುವರು. ಎಡಗೈಯ ಹೆಬ್ಬೆರಳು ಮಾತ್ರ ಮಾತು ಕೇಳುತ್ತಿತ್ತು, ಉಳಿದ ನಾಲ್ಕು ಬೆರಳು ಸುಮ್ಮನೆ ಜೊತೆಗಿದ್ದವು. ಶೂಟಿಂಗಿಗೆ ಬೇರೆಯವರನ್ನು ಕಳಿಸಿ ತಾವು ಎಡಿಟಿಂಗಿಗೆ ಕೂತರು. ಇದರ ಬಗ್ಗೆ ಅವರಿಗೆ ಇದ್ದ ತಕರಾರು ಒಂದೇ.

"ಮದವಿ ಊಟಕ್ಕ ಕುಂತ್ರ ಸಾಕಲೇ, ಬಾಜೂದವ್ರು ನನ್ನ ಬಾಳೆಹಣ್ಣು ಸುಲ್ದ ಕೊಡ್ತಾರ. ಕೇಳಂಗಿಲ್ಲ, ಬಿಡಂಗಿಲ್ಲ. ಒಂದ ಕೈಲೆ ಸುಲಿಯಾಕ ಬರ್ತೈತಿ ನನಗ."

ಕೀಬೋರ್ಡಿನಲ್ಲಿ ಆಡುವುದು ಅವರಿಂದ ಆಗುತ್ತಿರಲಿಲ್ಲ, ನಡೆಯುವ ಕೀಗಳೆಲ್ಲ ಎಡಗೈಯ ಬೆರಳುಗಳಿಗೆ. ಲಿಂಗಸುಗೂರಿನಿಂದ ಒಂದು ಕಂಟ್ರೋಲರ್ ತಂದರು. ಎರಡೂ ಕೈಯಲ್ಲಿ ಹಿಡಿಯುವ, ಎರಡು ಪುಟ್ಟ ಕೋಲು, ಸುತ್ತ ಗುಂಡಿಗಳಿರುವ ಸಾಧನ. ಎಡ ಹೆಬ್ಬೆರಳಿನಿಂದ ಕೋಲು ತಳ್ಳಿದರೆ ಕತ್ತಿಯವನು ನಡೆದ. ಆ ಸಂಜೆ ನಬಿಸಾಬರು ಯಾರನ್ನೂ ಹೊಡೆಯದೆ, ಅವನನ್ನು ಆಟದ ಬಯಲಿನಲ್ಲಿ ಸುಮ್ಮನೆ ಅಡ್ಡಾಡಿಸಿದ್ದು ನಲವತ್ತು ನಿಮಿಷ. ನಾನು ಗಡಿಯಾರ ನೋಡಿ ಬರೆದಿದ್ದೇನೆ.

ತೊಡಕು ಬಂದದ್ದು ಗುರಾಣಿಯಲ್ಲಿ. ಅದನ್ನು ಎತ್ತುವ ಗುಂಡಿ ಕಂಟ್ರೋಲರಿನ ಎಡ ಹೆಗಲ ಮೇಲೆ, ತೋರುಬೆರಳು ಕೂರುವ ಜಾಗದಲ್ಲಿ. ಅದನ್ನು ಬಲಗಡೆಗೆ ಬದಲಿಸೋಣವೆಂದರೆ ಆಟದಲ್ಲಿ ಆ ಸೌಲಭ್ಯವೇ ಇರಲಿಲ್ಲ. ಕಂಟ್ರೋಲರ್ ನಡೆಯುತ್ತದೆ ಎಂದು ಆಟ ಮಾಡಿದವರು ಬರೆದಿದ್ದರು, ನಡೆಯುತ್ತಿತ್ತು ಕೂಡ. ಯಾರ ಕೈಯಲ್ಲಿ ಎಂಬುದನ್ನು ಅವರು ಯೋಚಿಸಿರಲಿಲ್ಲ ಅಷ್ಟೆ.

ನಬಿಸಾಬರು ಹಳೆಯ ಕೀಬೋರ್ಡೊಂದನ್ನು ಬಿಚ್ಚಿ, ಗುರಾಣಿಯ ಕೀಯಿಂದ ಎರಡು ವೈರು ಎಳೆದು, ಭಾಭಿಯ ಹೊಲಿಗೆ ಮೋಟರಿನ ಕಾಲು ಪೆಡಲಿಗೆ ಕೂಡಿಸಿದರು. ಪೆಡಲ್ ಎಲ್ಲಿ ಹೋಯಿತೆಂದು ಒಳಗಿನಿಂದ ಭಾಭಿಯ ದನಿ ಬಂತು: "ಮೇರಾ ಪೆಡಲ್ ಕಾಂ ಗಯಾ ಜೀ?" ಪರದೆ ಸರಿಸಿ ನನ್ನ ಕಡೆ ತಿರುಗಿದರು. "ನಿಮ್ಮ ಸಾಹೇಬ ಸಾಯಲಿಲ್ಲಂದ್ರ ನಡೀತೈತ್ರಿ. ನಾಳೆ ಮದುಮಗಳಿಗೆ ಬ್ಲೌಸ್ ಕೊಡಲಿಲ್ಲಂದ್ರ ನಾ ಸಾಯ್ತೀನಿ."

ಪೆಡಲ್ ಒತ್ತಿದರೆ ಗುರಾಣಿ ಏಳುತ್ತಿತ್ತು. ಆದರೆ ಆಟವು ಕೀಬೋರ್ಡಿನ ಮಾತು ಕೇಳಿದ ಕೂಡಲೇ ಕಂಟ್ರೋಲರನ್ನು ಮರೆತು ಒಂದು ಕ್ಷಣ ಕತ್ತಿಯವನನ್ನು ಗಕ್ಕನೆ ನಿಲ್ಲಿಸುತ್ತಿತ್ತು. ಆ ಕ್ಷಣದಲ್ಲಿ ಸರಪಳಿ ಬಂದು ಬಡಿಯುತ್ತಿತ್ತು. ಪೆಡಲ್ ಭಾಭಿಗೆ ವಾಪಸಾಯಿತು.

ಆಮೇಲೆ ಬಂದದ್ದು ಸೈಕಲ್ ಟ್ಯೂಬು. ರಬ್ಬರನ್ನು ಚೂರು ಚೂರಾಗಿ ಕತ್ತರಿಸಿ, ಪಂಕ್ಚರ್ ಅಂಟು ಹಚ್ಚಿ, ಆ ಹೆಗಲ ಗುಂಡಿಯ ಮೇಲೆ ಒಂದರ ಮೇಲೊಂದು ಏರಿಸಿದೆವು. ಒಂಬತ್ತು ಪದರ. ಕಂಟ್ರೋಲರನ್ನು ಮೇಜಿನ ಅಂಚಿಗೆ ಆನಿಸಿ ಎದೆಯಿಂದ ಮುಂದಕ್ಕೆ ತಳ್ಳಿದರೆ ರಬ್ಬರು ಅಂಚಿಗೆ ಒತ್ತಿ ಗುರಾಣಿ ಏಳುತ್ತಿತ್ತು. ಕೊಂಚ ತಡವಾಗಿ, ಆದರೆ ಏಳುತ್ತಿತ್ತು. ಸ್ಟುಡಿಯೋ ತುಂಬ ಈಗಿನ ಇದೇ ವಾಸನೆ. ಫೋಟೋ ತೆಗೆಸಲು ಬಂದವರು ಮೂಗು ಮುಚ್ಚಿಕೊಂಡು ಕೂತು, ಫೋಟೋ ಚೆನ್ನಾಗಿ ಬರಲಿಲ್ಲ ಎಂದು ಜಗಳ ತೆಗೆಯುತ್ತಿದ್ದರು.

ಹೀಗೆ ಎದೆಯಿಂದ ಗುರಾಣಿ ಎತ್ತುತ್ತ ನಬಿಸಾಬರು ತೂಬಿನ ಸಾಹೇಬನ ಕೈಯಲ್ಲಿ ಸಾಯತೊಡಗಿದರು. ನಾನು ಪಕ್ಕದಲ್ಲಿ ಕೂತು ಗೆರೆ ಎಳೆದೆ.

"ಎಷ್ಟಾತು ಲೆಕ್ಕದ ಸಾಹೇಬ್ರ?"

"ತೊಂಬತ್ತೇಳ್ರಿ."

"ನೂರು ಆಗ್ಲಿ ತಡಿ, ಶೀರಾ ಮಾಡಸ್ತೀನಿ."

ಶೀರಾ ಆಯಿತು, ತಿಂದೆವು. ಪ್ರತಿ ಕಾದಾಟವನ್ನೂ ಅವರು ರೆಕಾರ್ಡ್ ಮಾಡುತ್ತಿದ್ದರು. ಗೆದ್ದ ದಿನ ಅದನ್ನು ಮದುವೆ ವಿಡಿಯೋದ ಹಾಗೆಯೇ ಜೋಡಿಸುವುದೆಂದು ತೀರ್ಮಾನವಾಗಿತ್ತು. ಮೊದಲು ಗುಲಾಬಿ ಉದುರಬೇಕು, ನಂತರ ಎರಡು ಪಾರಿವಾಳ ಹಾರಬೇಕು, ಆಮೇಲೆ ಹೊಳೆಯುವ ಅಕ್ಷರದಲ್ಲಿ ಅವರ ಹೆಸರು. ಆ ಟೈಟಲ್ ಮೊದಲೇ ತಯಾರಿತ್ತು. ನನಗೆ ಎರಡು ಸಲ ತೋರಿಸಿದ್ದರು.

ನೂರಾ ಹದಿನೆಂಟನೆಯ ಸಾವು ಒಂದು ಶುಕ್ರವಾರ. ಸಾಹೇಬನ ಪ್ರಾಣ ಕೂದಲೆಳೆಯಷ್ಟು ಉಳಿದಿತ್ತು. ನಬಿಸಾಬರು ನಕ್ಕು, ಟೋಪಿ ಹಾಕಿಕೊಂಡು ಮಧ್ಯಾಹ್ನದ ನಮಾಜಿಗೆ ಹೋದರು. ಅವರ ಕುರ್ಚಿಯಲ್ಲಿ ನಾನು ಕೂತೆ. ಅಷ್ಟು ಕಷ್ಟಪಟ್ಟಿದ್ದಾರೆ, ಒಮ್ಮೆ ಗೇಟು ದಾಟಿಸಿಕೊಡೋಣ ಎಂದಷ್ಟೇ ನನ್ನ ತಲೆಯಲ್ಲಿದ್ದದ್ದು. ನನಗೆ ಹತ್ತೂ ಬೆರಳಿವೆ. ನಾಲ್ಕನೆಯ ಸಲಕ್ಕೆ ತೂಬಿನ ಸಾಹೇಬ ಮೊಣಕಾಲೂರಿದ, ಗೇಟು ತೆರೆಯಿತು. ನನ್ನ ಮೂರು ಸಾವನ್ನು ನಾನು ಬರೆಯಲಿಲ್ಲ. ನೂರಾ ಹದಿನೆಂಟು ಗೆರೆಗಳ ಕೆಳಗೆ, ನಬಿಸಾಬರ ಹೆಸರಿನಲ್ಲಿ, ‘ಗೆಲುವು: 1’ ಎಂದು ಬರೆದು ಅಡಿಗೆರೆಯನ್ನೂ ಎಳೆದೆ.

ಅವರು ಬಂದು ತೆರೆದ ಗೇಟನ್ನು ನೋಡಿದರು.

"ಯಾರು ಹೊಡದ್ರು?"

"ನೀವ ಹೊಡದಂಗ ಆತಲ್ರಿ. ಆಟ ನಿಮ್ದ ಐತಿ."

ಕೂತು ರೆಕಾರ್ಡನ್ನು ಹಿಂದಕ್ಕೆ ಓಡಿಸಿದರು. ಸಾವಿರಾರು ಮದುವೆಗಳಲ್ಲಿ ಯಾರ ಕೈ ಯಾರದೆಂದು ನೋಡಿದ ಕಣ್ಣು ಅದು. ಪರದೆಯ ಮೇಲೆ ಗುರಾಣಿ ಥಟ್ಟನೆ ಏಳುತ್ತಿತ್ತು, ಥಟ್ಟನೆ ಇಳಿಯುತ್ತಿತ್ತು.

"ಈ ಎಡಗೈ ನಂದಲ್ಲ," ಎಂದರು. ರೆಕಾರ್ಡ್ ನಿಲ್ಲಿಸಿ, "ನೀನೂ ಬಾಳೆಹಣ್ಣು ಸುಲ್ದಿ ಬಿಡಲೇ," ಎಂದರು.

ಜಗಳವಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ಆ ಆಟ ಪ್ರತಿ ಹೆಜ್ಜೆಯನ್ನೂ ಹಳೆಯದರ ಮೇಲೆ ಅಳಿಸಿ ಬರೆಯುವಂಥದ್ದು, ಹಿಂದಕ್ಕೆ ಹೋಗುವಂತಿರಲಿಲ್ಲ. ತೂಬಿನ ಸಾಹೇಬ ಮತ್ತೆ ಬೇಕೆಂದರೆ ಮೊದಲ ಊರಿನಿಂದ ಹೊಸದಾಗಿ ನಡೆಯಬೇಕು. ನಬಿಸಾಬರು ಕಂಟ್ರೋಲರನ್ನು ಡ್ರಾಯರಿನಲ್ಲಿಟ್ಟು ಯಾರದೋ ಆಲ್ಬಮ್ ತೆರೆದರು. ಮರುವಾರ ನನ್ನ ಪರೀಕ್ಷೆ ಮುಗಿಯಿತು, ಊರು ಬಿಟ್ಟೆ.

ಗಾಲಿ ಸಿದ್ಧವಾಯಿತಂತೆ. ಇಲ್ಲಿಗೆ ನಿಲ್ಲಿಸುತ್ತೇನೆ.

ಸಂಜೆ 5 ಗಂಟೆ 40 ನಿಮಿಷ. ಬರೆಯುತ್ತಿರುವುದು ಮಸ್ಕಿಯಲ್ಲಿ. ಅತ್ತೆಗೆ ಫೋನ್ ಮಾಡಿ ನಾಳೆ ಬರುತ್ತೇನೆಂದು ಹೇಳಿದ್ದೇನೆ.

ಸ್ಟುಡಿಯೋದ ಬೋರ್ಡು ಬದಲಾಗಿದೆ, ನಡುವಿನ ಬಟ್ಟೆಯ ಪರದೆ ಅದೇ. ಒಳಗೆ ಕಾಲಿಟ್ಟಾಗ ನಬಿಸಾಬರು ಬೆನ್ನು ಮಾಡಿ ಕೂತಿದ್ದರು. ಕಂಪ್ಯೂಟರಿನ ಪರದೆಯ ಮೇಲೆ ನೀರಿನ ಗೇಟು ಮುಚ್ಚಿತ್ತು. ಅದರ ಮುಂದೆ ಸರಪಳಿ ಹಿಡಿದು ಅವನೇ ನಿಂತಿದ್ದ.

"ಬಂದೇನು? ದಾರಿ ಮರತಿ ಅನ್ಕೊಂಡಿದ್ದೆ," ಎಂದರು, ತಿರುಗದೆ.

"ಮತ್ತ ಮೊದಲಿಂದ ಶುರು ಮಾಡೀರಿ?"

"ವರ್ಷಕ್ಕೊಂದು ಆಷಾಢ. ಹಿಂಗ ನಡಕೊಂತ ನಿನ್ನೆ ಬಂದು ಮುಟ್ಟೀನಿ."

ಆಟದವರು ಈಗ ಗುಂಡಿಗಳನ್ನು ಬೇಕಾದಂತೆ ಬದಲಿಸುವ ಸೌಲಭ್ಯ ಕೊಟ್ಟಿದ್ದಾರೆಂದು ಎಲ್ಲೋ ಓದಿದ್ದೆ. ಅದನ್ನು ಹೇಳಲು ಬಾಯಿ ತೆರೆದೆ. ಅವರು ಆಗಲೇ ಬದಲಿಸಿಕೊಂಡಿದ್ದರು. ಒತ್ತಿ ಹಿಡಿಯುವುದರ ಬದಲು ಒಮ್ಮೆ ಒತ್ತಿ ಬಿಟ್ಟರೂ ಗುರಾಣಿ ಎದ್ದೇ ಇರುತ್ತದೆ, ಅದೂ ಬಲಗೈಯ ಗುಂಡಿಯಲ್ಲಿ. ಆದರೆ ಗುರಾಣಿ ಬಂದ ಜಾಗದಿಂದ ಪಕ್ಕಕ್ಕೆ ಜಿಗಿಯುವ ಗುಂಡಿ ಎಡಕ್ಕೆ ಹೋಗಿದೆ. ಹಾಗಾಗಿ ಒಂಬತ್ತು ಪದರ ರಬ್ಬರು ಇನ್ನೂ ಅಲ್ಲೇ ಇದೆ, ಜಿಗಿತ ಇನ್ನೂ ಕೊಂಚ ತಡವೇ. ಪೆಡಲ್ ಮಾತ್ರ ಇವತ್ತಿಗೂ ಕೆಲಸಕ್ಕೆ ಬರುತ್ತಿಲ್ಲ.

ಭಾಭಿ ತಟ್ಟೆಯಲ್ಲಿ ಬಾಳೆಹಣ್ಣು ತಂದಿಟ್ಟರು. ನಾನು ತಟ್ಟೆಯನ್ನು ನೋಡುತ್ತ ಕೂತೆ. ನಬಿಸಾಬರು ನನ್ನ ಕಪ್ಪು ಕೈಗಳನ್ನು ಒಮ್ಮೆ ನೋಡಿ, ಒಂದು ಹಣ್ಣನ್ನು ಬಲಗೈಯಲ್ಲಿ ಹಿಡಿದು, ತುದಿ ಮುರಿದು, ಹೆಬ್ಬೆರಳಿನಿಂದ ಸರ್ರನೆ ಸುಲಿದು ನನ್ನ ಮುಂದೆ ಹಿಡಿದರು.

"ತಿನ್ನು. ಈ ಕೈಲೆ ಸುಲದ್ರ ಹಣ್ಣೆಲ್ಲ ಮಸಿ."

ಕೇಳದೆ ಕೊಟ್ಟರು, ನಾನೂ ತಿಂದೆ. ಆಮೇಲೆ ಕೈ ತೊಳೆದುಕೊಂಡು ಹಳೆಯ ಸಾವುಗಳ ಲೆಕ್ಕ ಎಷ್ಟಿದೆ ನೆನಪಿದೆಯೇ ಎಂದು ಕೇಳಿದೆ.

"ನಾ ಯಾಕ ಇಟ್ಕೊಳ್ಳಿ? ಲೆಕ್ಕ ನಿಂದಲ್ಲ? ಎಲ್ಲಿ ಬಿಟ್ಟಿದ್ವಿ ಅಲ್ಲಿಂದ ಬರಿ."

ಗೆರೆ ಎಳೆದ ಆ ಹಳೆಯ ಪುಟದ ಫೋಟೋ ನನ್ನ ಫೋನಿನಲ್ಲಿತ್ತು. ಅದನ್ನು ನೋಡುತ್ತ ಇವತ್ತಿನ ಪುಟಕ್ಕೆ ಇಳಿಸಿಕೊಂಡೆ. ‘ಗೆಲುವು: 1’ ಎಂಬುದನ್ನು ಬಿಟ್ಟೆ. ಊರಿಗೆ ಹೋದ ಮೇಲೆ ಮೂಲದಲ್ಲೂ ಹೊಡೆದು ಹಾಕುತ್ತೇನೆ. ಐದೂವರೆಯ ತನಕದ ಲೆಕ್ಕ: ಸಾವು 123, ಗೆಲುವು 0. ನೂರಾ ಇಪ್ಪತ್ತೆರಡನೆಯದರಲ್ಲಿ ಸಾಹೇಬನ ಪ್ರಾಣ ಅರ್ಧಕ್ಕೆ ಇಳಿದಿತ್ತು. ಗುಲಾಬಿ ಉದುರುವ ಟೈಟಲ್ ಇನ್ನೂ ಕಂಪ್ಯೂಟರಿನಲ್ಲಿದೆಯಂತೆ.

ಓದುವ ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಬರೆಯಿರಿ: ಕಾಲಿನ ಪೆಡಲನ್ನು ಕೀಬೋರ್ಡಿನ ಬದಲು ಕಂಟ್ರೋಲರಿನ ಗುಂಡಿಯೇ ಎಂದು ಆಟ ನಂಬುವ ಹಾಗೆ ಮಾಡುವುದು ಹೇಗೆ? ಭಾಭಿ ಹಳೆಯ ಪೆಡಲೊಂದನ್ನು ನಮಗೇ ಬಿಟ್ಟುಕೊಟ್ಟಿದ್ದಾರೆ. ಬೆಸುಗೆ ಹಾಕಲು ಇಲ್ಲಿ ಜನ ಇದ್ದಾರೆ. ತೂಬಿನ ಸಾಹೇಬನನ್ನು ಹೊಡೆಯುವ ಉಪಾಯ ಗೊತ್ತಿದ್ದವರು ಮಾತ್ರ ಬರೆಯಬೇಡಿ. ಅದು ನಮಗೆ ಬೇಡ.