ಕಣ್ಣು ಎರಡು, ಡಬ್ಬಿ ಮೂರು

ಅಕ್ಕನಿಗೆ ಸೀವುಡ್ಸ್‌ನ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿದಾಗ ನಮ್ಮ ಡೊಂಬಿವಲಿ ಮನೆಯಲ್ಲಿ ಅತಿ ಹೆಚ್ಚು ಖುಷಿಪಟ್ಟವನು ನಾನು. ಅಣಕಿಸಲು ನನಗೆ ಹೊಸ ಗಂಟಲೊಂದು ಸಿಕ್ಕಿತ್ತು, ಅಂಗಡಿಯ ಮಾಲಕಿಯದು. ಅಕ್ಕ ವರದಿ ಒಪ್ಪಿಸಿದ ಅರ್ಧ ಗಂಟೆಯೊಳಗೆ ನಾನು ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಅಡುಗೆಮನೆಯಲ್ಲಿ ನಿಂತಿದ್ದೆ: "ಕಣ್ಣು ಫ್ರೆಶ್ ಕಾಣ್ಬೇಕು ಬೇಟಾ, ಆದ್ರೆ ಮೇಕಪ್ ಕಾಣ್ಬಾರ್ದು!"

"ಅವ್ಳು ಇಷ್ಟು ಕೆಟ್ಟದಾಗಿ ಮಾತಾಡುದಿಲ್ಲ" ಎಂದಳು ಅಕ್ಕ. ಆದರೆ ನಕ್ಕಳು.

ಸೋಮವಾರದಿಂದ ಒಂದು ವಾರದ ಪರೀಕ್ಷೆ, ಶನಿವಾರ ಸಂಜೆ ತೀರ್ಮಾನ. ಅಕ್ಕ ಅದುವರೆಗೆ ಕಾಡಿಗೆ ಬಿಟ್ಟು ಕಣ್ಣಿಗೆ ಬೇರೇನೂ ಹಚ್ಚಿದವಳಲ್ಲ. ಪಕ್ಕದ ಮನೆಯವರ ಐಶಾಡೋ ಕೇಳಿ ರೆಪ್ಪೆಗೆ ಹಚ್ಚಿಕೊಂಡು ಹೋದಳು. ಅವಳ ಕೆಲಸದ ರೀತಿ ಹೀಗೆ: ಫ್ರೇಮನ್ನು ಮೊದಲು ತನ್ನ ಮುಖಕ್ಕೆ ಇಟ್ಟು ತೋರಿಸಬೇಕು, ಆಮೇಲೆ ಗಿರಾಕಿಯ ಕೈಗೆ ಕೊಡಬೇಕು. ಮಂಗಳವಾರ ಒಬ್ಬ ಹೆಂಗಸು ಅವಳಿಂದ ಫ್ರೇಮ್ ತೆಗೆದುಕೊಂಡು ಹಾಕಿ, "ಇದ್ರಲ್ಲಿ ಹಗಲಲ್ಲೇ ನಕ್ಷತ್ರ ಕಾಣ್ತದಲ್ಲ!" ಅಂದಳಂತೆ. ಅಕ್ಕನ ರೆಪ್ಪೆಯ ಮಿಂಚುಪುಡಿಯೆಲ್ಲ ಗಾಜಿಗೆ ಉದುರಿತ್ತು. ಮಾಲಕಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಹಳದಿ ಬಟ್ಟೆಯನ್ನು ಎಳೆದು, ಗಿರಾಕಿಯ ಎದುರೇ ಗಾಜು ಒರೆಸಿದಳಂತೆ. ಅಕ್ಕನಿಗೆ ಬೈಗುಳಕ್ಕಿಂತ ಆ ಬಟ್ಟೆಯೇ ಹೆಚ್ಚು ಚುಚ್ಚಿತ್ತು.

ಬುಧವಾರ ಅಂಗಡಿಗೆ ರಜೆ. ಹಿಂದಿನ ಸಂಜೆಯೇ ಅಕ್ಕ ಮೂರು ಐಶಾಡೋ ಪ್ಯಾಲೆಟ್ ತಂದಿದ್ದಳು. ಮೆಡಿಕಲ್ ಶಾಪಿನದು ನಾಲ್ಕೇ ಬಣ್ಣದ ಪುಟ್ಟ ಡಬ್ಬಿ. ಸ್ಟೇಷನ್ ಎದುರಿನ ಬಳೆ-ಬಿಂದಿ ಅಂಗಡಿಯದರಲ್ಲಿ ಒಂಬತ್ತು ಬಣ್ಣ. ಪಾದಚಾರಿ ಸೇತುವೆಯ ಕೆಳಗೆ ಕೊಂಡಿದ್ದು ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ದೊಡ್ಡದು: ಹನ್ನೆರಡು ಬಣ್ಣ, ಮುಚ್ಚಳದಲ್ಲಿ ಕನ್ನಡಿ, ಜೊತೆಗೆ ಹೊಸ ರಬ್ಬರ್ ಚಪ್ಪಲಿಯ ವಾಸನೆ. ಮೂರರಲ್ಲೂ ಮಿಂಚಿಲ್ಲದ ಕಂದು ಒಂದೊಂದಿತ್ತು. ನನ್ನ ಕಣ್ಣಿಗೆ ಒಂದು ಅರ್ಧ ಲೋಟದ ಕಟ್ಟಿಂಗ್ ಚಹಾ, ಇನ್ನೊಂದು ಹುರಿದ ರವೆ, ಮೂರನೆಯದು ತುರ್ಭೆಯ ಧೂಳು ರಸ್ತೆ.

ಈ ಮೂರರಲ್ಲಿ ಯಾವುದು ಉದುರುವುದಿಲ್ಲ? ಲೋಕಲ್ ಗಾಡಿಯ ನೂಕಾಟ, ಬೆವರು, ಮೂಗಿನ ಮೇಲೆ ಕನ್ನಡಕ, ಎಲ್ಲವನ್ನೂ ದಾಟಬೇಕು. ಅಕ್ಕ ಎಡಗಣ್ಣಿಗೆ ಒಂದನೆಯದನ್ನು, ಬಲಗಣ್ಣಿಗೆ ಎರಡನೆಯದನ್ನು ಬ್ರಶ್ಶಿನಿಂದ ಹಚ್ಚಿಕೊಂಡಳು. ಕಣ್ಣು ಮುಗಿಯಿತು, ಡಬ್ಬಿ ಉಳಿಯಿತು. ಅವಳು ನನ್ನ ಕಡೆ ನೋಡಿದಳು.

"ಎಂತ? ನಾನಾ?"

"ದಿನವಿಡೀ ಕನ್ನಡಕ ಹಾಕುದು ನಮ್ಮಲ್ಲಿ ನೀನೊಬ್ನೇ ಅಲ್ವಾ ಮಂಗ. ಕೂತ್ಕೊ."

"ಬ್ರಶ್ಶಾದ್ರೂ ಮೆತ್ತಗುಂಟಾ?"

"ನಿನ್ನ ಎಣ್ಣೆ ರೆಪ್ಪೆಗೆ ನನ್ನ ಬ್ರಶ್ ಮುಟ್ಟಿಸ್ತೇನಾ?" ಎಂದವಳೇ ಮೂರನೆಯದನ್ನು ಉಂಗುರ ಬೆರಳಿನಿಂದ ನನ್ನ ಒಂದು ರೆಪ್ಪೆಗೆ ಒತ್ತಿಯೇ ಬಿಟ್ಟಳು.

ಅಕ್ಕ ಅಮ್ಮನ ಹಳೆಯ ಓದುವ ಕನ್ನಡಕ ಏರಿಸಿಕೊಂಡಳು. ಅದರೊಳಗಿಂದ ನೆಲ ಎಲ್ಲಿದೆಯೆಂದು ತಿಳಿಯದೆ ಬಾತುಕೋಳಿಯಂತೆ ಹೆಜ್ಜೆ ಹಾಕುತ್ತಾ ಬಂದಳು. ಠಾಣೆ ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಿ, ನಾನು ಗಲ್ಲಾದಲ್ಲಿ ಕೂರುವ ತುರ್ಭೆಯ ಮಾವನ ಹೋಟೆಲಿಗೆ ಬಂದೆವು. ಇಡ್ಲಿ ಹಬೆಯ ಪಕ್ಕದಲ್ಲಿ ನಾನು, ಫ್ಯಾನಿಲ್ಲದ ಮೇಜಿನಲ್ಲಿ ಅವಳು, ಸಂಜೆಯವರೆಗೆ.

ಮಧ್ಯಾಹ್ನ ಕಲಬುರಗಿ ಕಡೆಯ ಹಮಾಲಣ್ಣ ಊಟಕ್ಕೆ ಬಂದ. ಗಲ್ಲಾದ ಮೇಲೆ ಮೊಣಕೈ ಊರಿ ನನ್ನನ್ನೇ ನೋಡಿದ.

"ಏನ್ ಸಾವ್ಕಾರ್ರ, ಒಂದ ಕಣ್ಣಿಗಿ ಅಷ್ಟೇ ಲಗ್ನ ಗೊತ್ತಾಗ್ಯಾದೇನು? ಇನ್ನೊಂದು ಸುಮ್ಮ ಕುಂತು ನೋಡ್ಲಿಕತ್ತದ."

"ಹೌದ್ರಿ ಅಣ್ಣಾರ, ದೊಡ್ಡ ಕಣ್ಣಿಂದು ಮೊದಲ ಮುಗಿಸೂಣು ಅಂತ" ಎಂದು ಅವನದೇ ದನಿಯಲ್ಲಿ ಹೇಳಿದೆ.

"ನಮ್ ಮಾತು ನಮಗ ತಿರುಗಿಸಿ ಬಡಸ್ತೀರಿ. ಸಾರೂ ನಿನ್ನಿ ದಿನದ್ದೇ ಇರಬೇಕು ಬಿಡ್ರಿ!"

ಇಡೀ ಹೋಟೆಲು ನಕ್ಕಿತು. ಮಾವನೂ ನಕ್ಕರು. ಅದು ಸರಿಯಲ್ಲ, ಸಾರು ಅವರದು.

ಸಂಜೆ ಇಬ್ಬರ ಕನ್ನಡಕವನ್ನೂ ಟ್ಯೂಬ್‌ಲೈಟಿಗೆ ಹಿಡಿದೆವು. ಅಕ್ಕನದರ ಎರಡೂ ಗಾಜಿನಲ್ಲಿ ಕಂದು ಹುಡಿ. ನನ್ನದರಲ್ಲಿ ಸಾಂಬಾರಿನ ಎಣ್ಣೆ ಬಿಟ್ಟರೆ ಏನೂ ಇಲ್ಲ! ಎಲ್ಲಕ್ಕಿಂತ ಅಗ್ಗದ್ದೇ ಗೆದ್ದಿತು ಎಂದು ನಾವು ತೀರ್ಪು ಕೊಟ್ಟೆವು.

ಗುರುವಾರ ಅಕ್ಕ ಆ ಸೇತುವೆಯ ಡಬ್ಬಿಯನ್ನೇ ಹಚ್ಚಿಕೊಂಡು ಹೋದಳು. ರಾತ್ರಿ ಊಟಕ್ಕೆ ಕೂತಾಗ ತಟ್ಟೆಯಿಂದ ತಲೆ ಎತ್ತಲಿಲ್ಲ. ಮಧ್ಯಾಹ್ನದೊಳಗೆ ಗಾಜಿನ ಮೇಲೆ ಮತ್ತೆ ಹುಡಿ, ಮತ್ತೆ ಹಳದಿ ಬಟ್ಟೆ. "ಶನಿವಾರ ನೋಡೋಣ" ಎಂದಿದ್ದಳಂತೆ ಮಾಲಕಿ.

"ಹೋಗ್ಲಿ ಬಿಡು, ಬೇರೆ ಕೆಲ್ಸ ಸಿಗ್ತದೆ" ಎಂದರು ಅಮ್ಮ.

"ನಂಗೆ ಇದೇ ಬೇಕು" ಎಂದಳು ಅಕ್ಕ. "ಮೂಗು ನೋಡಿ ಫ್ರೇಮ್ ಹೇಳುದು ನಂಗೆ ಬರ್ತದೆ. ಇಷ್ಟು ವರ್ಷದಲ್ಲಿ ನಂಗೆ ಬಂದದ್ದು ಅದೊಂದೇ."

ಮನೆಯಲ್ಲಿ ಯಾರಾದರೂ ಬೇಸರದಲ್ಲಿದ್ದರೆ ಅವರನ್ನೇ ಅಣಕಿಸುವುದು ನನಗೆ ಗೊತ್ತಿರುವ ಒಂದೇ ಔಷಧ. ಎಷ್ಟೋ ಸಲ ಅದರಿಂದ ರೋಗ ಹೆಚ್ಚಾದದ್ದೂ ಇದೆ. ಆದರೂ ಎದ್ದು ನಿಂತು, ಬುಧವಾರ ಬೆಳಗಿನ ಅಕ್ಕನಾದೆ. ಕತ್ತು ವಾಲಿಸಿ, ನಾಲಗೆ ಕಚ್ಚಿ, ಗಾಳಿಯಲ್ಲಿ ಬ್ರಶ್ ಆಡಿಸಿ ಎಡಗಣ್ಣು ಮುಗಿಸಿದೆ, ಬಲಗಣ್ಣು ಮುಗಿಸಿದೆ. "ಕೂತ್ಕೊ ಮಂಗ" ಎಂದು ಎದುರಿಲ್ಲದ ನನ್ನ ಗಲ್ಲ ಹಿಡಿದೆ. ಕೈ ಮೇಲೇರಿತು. ಆದರೆ ಆ ಕೈಯಲ್ಲಿ ಬ್ರಶ್ ಇರಲಿಲ್ಲ, ಉಂಗುರ ಬೆರಳು ಮುಂದಿತ್ತು. ನಾನು ಅಲ್ಲೇ ನಿಂತುಬಿಟ್ಟೆ.

"ಅಕ್ಕಾ, ನಂಗೆ ನೀನು ಬ್ರಶ್ಶಲ್ಲಿ ಹಚ್ಚಲೇ ಇಲ್ಲ!"

ಅಕ್ಕ ತನ್ನ ಬೆರಳನ್ನು ನೋಡಿಕೊಂಡಳು. ಅಮ್ಮ ಮಜ್ಜಿಗೆ ಬಡಿಸುತ್ತಾ, "ಕುಂಕುಮ ಇಡ್ಲಿಕ್ಕೆ ಯಾರಾದ್ರೂ ಬ್ರಶ್ ಹಿಡಿತಾರಾ? ಒತ್ತಿದ್ರೆ ನಿಲ್ತದೆ, ಗುಡಿಸಿದ್ರೆ ಉದುರ್ತದೆ. ಇದಕ್ಕೆ ರಜೆಯ ದಿವಸ ತುರ್ಭೆಗೆ ಹೋಗ್ಬೇಕಿತ್ತಾ?" ಎಂದರು.

ತಟ್ಟೆ ಎತ್ತುವುದನ್ನೂ ಮರೆತು ಮೂರೂ ಡಬ್ಬಿ ಮತ್ತೆ ತೆರೆದೆವು. ಈ ಸಲ ಮೂರನ್ನೂ ಬೆರಳಿನಿಂದಲೇ ಒತ್ತಿ, ಪಂಚೆಯಷ್ಟು ಬಿಳಿಯ ಕಾಗದದ ಮೇಲೆ ಮುಖ ಬಗ್ಗಿಸಿ ತಲೆ ಕೊಡವಿದೆವು. ಮೂರೂ ಹೆಚ್ಚುಕಡಿಮೆ ಒಂದೇ. ಒಂಬತ್ತು ಬಣ್ಣದ್ದು ರೆಪ್ಪೆಯ ಮಡಿಕೆಯಲ್ಲಿ ಗೆರೆಯಾಗಿ ಕೂತಿತು. ಸೇತುವೆಯದರ ಮೇಲೆ ಒಳಗೇನು ಹಾಕಿದ್ದಾರೆಂಬ ಒಂದಕ್ಷರವೂ ಇರಲಿಲ್ಲ. ಕಣ್ಣಿಗೆ ಹಚ್ಚುವ ಮೊದಲು ಓದಬೇಕಾದದ್ದನ್ನು ಹಚ್ಚಿದ ಮರುದಿನ ಓದಲು ಹೊರಟವರು ನಾವು. ಉಳಿದದ್ದು ಮೆಡಿಕಲ್ ಶಾಪಿನ ನಾಲ್ಕು ಬಣ್ಣದ ಡಬ್ಬಿ. ಶುಕ್ರವಾರದಿಂದ ಅಕ್ಕ ಅದನ್ನೇ ಬೆರಳಿನಿಂದ ಒತ್ತಿಕೊಂಡು ಹೋದಳು.

ಶನಿವಾರ ಸಂಜೆ ನನಗೆ ಹಲ್ಲುನೋವೆಂದು ಮಾವನಿಗೆ ಹೇಳಿ ಸೀವುಡ್ಸ್‌ಗೆ ಹೋದೆ. ಗಿರಾಕಿಯಂತೆ ತಂಪು ಕನ್ನಡಕಗಳನ್ನು ನೋಡುತ್ತಾ ನಿಂತೆ. ಅಕ್ಕ ದೂರದಿಂದಲೇ ಕಣ್ಣಲ್ಲಿ "ತೊಲಗು" ಎಂದಳು. ಅವಳೆದುರು ಒಬ್ಬ ವಯಸ್ಸಾದ ಹೆಂಗಸು ಕೂತಿದ್ದಳು. ಅಕ್ಕ ಫ್ರೇಮ್ ಹಾಕಿ ತೋರಿಸಿ ತೆಗೆದಳು. ಮಾಲಕಿ ಅದನ್ನು ನಡುವಿನಲ್ಲೇ ತೆಗೆದುಕೊಂಡು ದೀಪಕ್ಕೆ ಹಿಡಿದಳು. ಅತ್ತ ತಿರುಗಿಸಿದಳು, ಇತ್ತ ತಿರುಗಿಸಿದಳು. ಕೈ ಸೊಂಟದ ಕಡೆ ಹೋಯಿತು. ಹಾಗೆಯೇ ಹಿಂದೆ ಬಂತು. ಫ್ರೇಮನ್ನು ಒರೆಸದೆ ಗಿರಾಕಿಯ ಕೈಗಿಟ್ಟು ಅಕ್ಕನಿಗೆ ಹೇಳಿದಳು: "ಸೋಮವಾರ ಹತ್ತಕ್ಕೆ ಬಾ. ಐಡಿ ಕಾರ್ಡಿಗೆ ಫೋಟೋ ತಾ."

ಆಮೇಲೆ ನನ್ನ ಕಡೆ ತಿರುಗಿ, ಮೂಗಿನ ತುದಿಗೆ ಕನ್ನಡಕ ಇಳಿಸಿ, ನನಗಿಂತ ಚೆನ್ನಾಗಿ ತನ್ನದೇ ದನಿಯಲ್ಲಿ, "ಇದೇನು ಬೇಟಾ, ಸಾಂಬಾರಾ?" ಎಂದವಳೇ ನನ್ನ ಕನ್ನಡಕ ಕಿತ್ತುಕೊಂಡು ಹಳದಿ ಬಟ್ಟೆ ಹೊರತೆಗೆದಳು.